ಸಿಂಹದ ಬೀಗಕ್ಕೆ ಬೆಲೆ ಕಟ್ಟಿದವ

ನಮ್ಮಣ್ಣನಿಗೆ ಗಿರವಿ ಅಂಗಡಿಯಲ್ಲಿ ಎಲ್ಲರೂ ಇಟ್ಟ ಹೆಸರು ಗೋಡೆ. ಎದುರಿಗೆ ‘ಗೋಡೆ ಸಾರ್’, ಬೆನ್ನ ಹಿಂದೆ ಬರೀ ಗೋಡೆ. ಒಂದು ಸಾಮಾನನ್ನು ತಂದು ಅವನ ಮುಂದಿಟ್ಟರೆ ಅದು ಬಂಗಾರವೋ ಬೇಗಡೆಯೋ ಎಂದು ಅವನ ಮುಖ ನೋಡಿ ಯಾರೂ ಹೇಳುವಂತಿರಲಿಲ್ಲ. ಹುಬ್ಬು ಏರುವುದಿಲ್ಲ, ತುಟಿ ಅಲುಗುವುದಿಲ್ಲ. ಬೆಲೆ ಕಟ್ಟುವವನ ಮುಖದಲ್ಲಿ ಬೆಲೆ ಕಾಣಬಾರದು ಎಂಬುದು ಹಳೇ ಯಜಮಾನರು ಅವನಿಗೆ ಕಲಿಸಿದ ಮೊದಲ ಪಾಠ. ನಿನ್ನ ಮುಖ ಅರಳಿದರೆ ಮಾರುವವನು ರೇಟು ಏರಿಸುತ್ತಾನೆ, ಬಾಡಿದರೆ ಅವನ ಎದೆ ಒಡೆಯುತ್ತದೆ, ಎರಡೂ ಬೇಡ, ಬಾಯಲ್ಲಿ ಹೇಳು ಸಾಕು ಎನ್ನುತ್ತಿದ್ದರಂತೆ. ಅಣ್ಣ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ ಅಂಗಡಿ ಮುಚ್ಚಿದ ಮೇಲೂ ಮುಖ ತೆರೆಯುವುದನ್ನು ಮರೆತ. ಹರೆಯದಲ್ಲಿ ಅವನಿಗೆ ಒಬ್ಬಳು ಇಷ್ಟವಾಗಿದ್ದಳು. ಅವಳಾಗಿಯೇ ಬಂದು ಮದುವೆಯ ಮಾತೆತ್ತಿದಾಗ ಇವನು ಹಳೇ ಹೊಲಿಗೆ ಯಂತ್ರ ನೋಡುವವನಂತೆ ನೋಡಿದನಂತೆ. ಇವನಿಗೆ ಇಷ್ಟವಿಲ್ಲ ಎಂದುಕೊಂಡು ಅವಳು ಒಬ್ಬ ಪೇಂಟರನ್ನು ಮದುವೆಯಾದಳು. ಅಣ್ಣ ಆಮೇಲೆ ಯಾರನ್ನೂ ಮದುವೆಯಾಗಲಿಲ್ಲ.

ನಾನು ಅವನ ತಂಗಿ. ಗಂಡ ಹೋದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಅವನ ಮನೆಗೆ ಬಂದೆ. ಕೆಲವು ದಿನ ನನ್ನ ಅಳುವನ್ನು ನೋಡಿದ, ಆಮೇಲೆ ಕರೆದುಕೊಂಡು ಹೋಗಿ ಅಂಗಡಿಯ ಕಬ್ಬಿಣದ ಜಾಲರಿಯ ಹಿಂದೆ ಕೂರಿಸಿದ. ಅಡ ಇಡಲು ಬಂದವರಿಗೆ ಚೀಟಿ ಬರೆದು ಕೊಡುವುದು, ಸಾಮಾನಿಗೆ ನಂಬರು ಕಟ್ಟಿ ಒಳಗಿನ ಕಪಾಟಿಗೆ ಸೇರಿಸುವುದು ನನ್ನ ಕೆಲಸ. ಅಂದಿನಿಂದ ಬೆಳಿಗ್ಗೆ ಅವನು ಮುಂದೆ, ನಾನು ಬೈಯುತ್ತಾ ಹಿಂದೆ. ಸಂಜೆ ಬರುವಾಗಲೂ ಅಷ್ಟೇ. ಅವನು ಮಾತಾಡುವುದಿಲ್ಲ ಎಂದ ಮೇಲೆ ಇಬ್ಬರ ಪಾಲಿನ ಮಾತೂ ನನ್ನ ತಲೆಗೇ ಬಂತು.

ಜನ ಏನೇನು ತರುತ್ತಿದ್ದರು ಎಂದು ಹೇಳಿದರೆ ನೀವು ನಂಬುವುದಿಲ್ಲ. ಒಬ್ಬ ತನ್ನ ಮಾವನ ಮರದ ಕಾಲು ತಂದಿದ್ದ, ಜೊತೆಗೆ ಅದರ ಬೂಟು. ಒಬ್ಬಳು ಹೊಟ್ಟೆಯಲ್ಲಿ ಹುಲ್ಲು ತುಂಬಿದ ಎರಡು ತಲೆಯ ಕರು ಹೊತ್ತು ತಂದಿದ್ದಳು. ಒಂದು ತಲೆ ಆಮೇಲೆ ಹೊಲಿದದ್ದು ಎಂದು ಅಣ್ಣ ಕತ್ತಿನ ಹತ್ತಿರ ಬೆರಳಾಡಿಸಿ ಹೇಳಿದ. ಅವಳು ಜಗಳವಾಡಲಿಲ್ಲ, ಬೇರೆ ಅಂಗಡಿಗೂ ಹೋಗಲಿಲ್ಲ. ಗೋಡೆ ಹೇಳಿದನಾ, ಹಾಗಾದರೆ ಮುಗಿಯಿತು. ಸುತ್ತಲಿನ ಬೀದಿಗಳಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೂ ಅಪ್ಪನ ಗಡಿಯಾರವನ್ನೋ ಅಜ್ಜಿಯ ಪೆಟ್ಟಿಗೆಯನ್ನೋ ತಂದು ಇವನ ಬಾಯಲ್ಲಿ ಒಂದು ಮಾತು ಹೇಳಿಸಿಕೊಂಡು ಹೋಗುತ್ತಿದ್ದರು. ನಾವು ಬಾಡಿಗೆ ಮನೆಯವರು, ಅವನ ಕೋಟಿನ ಮೊಣಕೈಗೆ ನಾನೇ ತೇಪೆ ಹಾಕಿದ್ದೆ. ಇಡೀ ಜೀವಮಾನದಲ್ಲಿ ಅವನು ಕೂಡಿಟ್ಟ ಆಸ್ತಿ ಎಂದರೆ ಆ ಒಂದು ಮಾತು.

ಹಳೇ ಯಜಮಾನರು ಕಣ್ಣು ಮುಚ್ಚಿದರು. ಅವರ ಮಗ, ನಾವು ಚಿಕ್ಕ ಯಜಮಾನ ಎನ್ನುತ್ತಿದ್ದವನು, ಟಿವಿಯವರನ್ನು ಅಂಗಡಿಗೆ ಕರೆತಂದ. ಗಿರವಿ ಅಂಗಡಿಗೆ ಬರುವ ವಿಚಿತ್ರ ಹಳೇ ಸಾಮಾನು, ಅದರ ಕಥೆ, ಚೌಕಾಸಿ, ಕೊನೆಗೆ ಬೆಲೆ, ಇದೇ ಕಾರ್ಯಕ್ರಮ. ಮೊದಲು ಗೋಡೆಗಳಿಗೆ ಹಸಿರು ಬಣ್ಣ ಹೊಡೆದರು. ಅಡ ಇಡಲು ಬರುವ ನಿಜವಾದ ಬಡಪಾಯಿಗಳಿಗೆ ಹಿಂದಿನ ಓಣಿಯ ಬಾಗಿಲು ತೋರಿಸಿದರು, ಏಕೆಂದರೆ ಮದುವೆ ಉಂಗುರ ಒತ್ತೆಯಿಟ್ಟು ಅಳುವವರನ್ನು ಟಿವಿಯಲ್ಲಿ ಯಾರೂ ನೋಡುವುದಿಲ್ಲವಂತೆ.

ಅಣ್ಣನ ಕೆಲಸ ಈಗ ಎರಡೆರಡು ಸಲ. ಮೊದಲು ಒಳಗಿನ ಕೋಣೆಯಲ್ಲಿ ಸಾಮಾನು ನೋಡಿ ಅಸಲಿಯೋ ನಕಲಿಯೋ ಹೇಳಬೇಕು. ಆಮೇಲೆ ದೀಪಗಳ ಕೆಳಗೆ ನಿಂತು ಅದನ್ನೇ ಆಗ ತಾನೇ ಕಂಡವನಂತೆ ಮತ್ತೆ ನೋಡಬೇಕು. ಅವನು ಮೊದಲ ಸಲ ನೋಡಿದಂತೆಯೇ ಎರಡನೇ ಸಲವೂ ನೋಡಿದ. ಡೈರೆಕ್ಟರ್ ಹುಡುಗಿ ತಲೆ ಚಚ್ಚಿಕೊಂಡಳು. ಕೆಟ್ಟವಳಲ್ಲ ಅವಳು, ನನ್ನನ್ನು ಆಂಟಿ ಎಂದು ಬಾಯಿ ತುಂಬ ಕರೆಯುತ್ತಿದ್ದಳು.

"ಅಂಕಲ್, ನೀವು ಹೇಳೋದೆಲ್ಲ ಸರಿ. ಆದ್ರೆ ನಿಮ್ಮ ಮುಖ ನೋಡಿದ್ರೆ ಕರೆಂಟ್ ಬಿಲ್ ಓದ್ತಾ ಇರೋ ಹಾಗಿದೆ."

"ಮತ್ತೆ ಹೇಗಿರ್ಬೇಕಮ್ಮ?"

"ಒಂಚೂರು ಆಶ್ಚರ್ಯ, ಒಂಚೂರು ಬೇಜಾರು. ಜನಕ್ಕೆ ಗೊತ್ತಾಗ್ಬೇಕಲ್ಲ!"

ಬಂದವರ ಮುಂದೆ ಇವನ ಮುಖ ಅಲುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವಳು ಒಂದು ಉಪಾಯ ಮಾಡಿದಳು. ಒಂದು ಬೆಳಿಗ್ಗೆ ಸಾಮಾನೂ ಇಲ್ಲ, ಮಾರುವವರೂ ಇಲ್ಲ, ಅಣ್ಣನನ್ನೊಬ್ಬನನ್ನೇ ಸ್ಟೂಲಿನ ಮೇಲೆ ಕೂರಿಸಿ ಬರೀ ಮುಖಗಳನ್ನು ಕ್ಯಾಮೆರಾದಲ್ಲಿ ತೆಗೆದಳು. ಬೆರಗಿನ ಮುಖ, ಅನುಮಾನದ ಮುಖ, ಸಂತೋಷದ ಮುಖ, ಇದು ಆಗಲ್ಲ ಎಂದು ತಲೆಯಾಡಿಸುವ ಮುಖ. ಎಲ್ಲಿ ಬೇಕೋ ಅಲ್ಲಿ ಸೇರಿಸಿಕೊಳ್ಳಬಹುದಂತೆ. ಇಡೀ ವರ್ಷಕ್ಕಾಗುವಷ್ಟು ಮುಖ ಒಂದೇ ದಿನ. ನಾನು ಜಾಲರಿಯ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಬೇಜಾರಾಗುವಂಥದ್ದು ಏನಾದರೂ ನೋಡಿ ಅಂಕಲ್ ಎಂದಾಗ ಅವನು ಆ ಹಸಿರು ಬಣ್ಣ ನೋಡಿ ತುಟಿ ಕೆಳಗೆ ಮಾಡಿ ತಲೆಯಾಡಿಸಿದ. ಹುಡುಗಿ ಚಪ್ಪಾಳೆ ತಟ್ಟಿದಳು.

ಬೀಗದ ಮೇಸ್ತ್ರಿ ಬಂದದ್ದು ಅದಾದ ಮೇಲೆ. ಆಚೆ ಬೀದಿಯ ತಿರುವಿನಲ್ಲಿ ಬೀಗ ರಿಪೇರಿ ಮಾಡಿ, ಕೀಲಿ ಕೊರೆದು ಕೊಡುವ ಮನುಷ್ಯ. ಹಳೇ ದುಪ್ಪಟಿಯಲ್ಲಿ ಸುತ್ತಿ ಒಂದು ಕಬ್ಬಿಣದ ಬೀಗ ತಂದಿದ್ದ. ದೊಡ್ಡ ಬ್ರೆಡ್ಡಿನಷ್ಟು ಗಾತ್ರ, ಮೇಲೊಂದು ಸಿಂಹದ ಮುಖ, ನಾಲಿಗೆಯ ಕೆಳಗೆ ಕೀಲಿ ಹಾಕುವ ತೂತು. ಸರಿಯಾದ ಕೀಲಿಯಾದರೆ ಬೀಗ ತೆರೆಯುತ್ತದೆ. ತಪ್ಪು ಕೀಲಿ ತಿರುಗಿಸಿದರೆ ಸಿಂಹ ಬಾಯಿ ಮುಚ್ಚಿ ಬೆರಳು ಕಚ್ಚುತ್ತದೆ. ತನ್ನ ಮುತ್ತಾತ ಇದನ್ನು ಮಾಡಿದ್ದು ಎಂದ. ಅವನ ತಾಯಿ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಓಣಿಯ ಜನರಿಗೆಲ್ಲ ಅದೇ ಕಥೆ ಹೇಳುತ್ತಾಳೆ, ಮುದುಕಿ ಬಡಾಯಿ ಕೊಚ್ಚುತ್ತದೆ ಎಂದು ಜನ ಬೆನ್ನ ಹಿಂದೆ ನಗುತ್ತಾರೆ.

ಅಣ್ಣ ಒಳಗಿನ ಕೋಣೆಯಲ್ಲಿ ಟಾರ್ಚು, ಭೂತಗನ್ನಡಿ ಹಿಡಿದು ಕೂತ. ಹತ್ತಿ ಸುತ್ತಿದ ಕಡ್ಡಿಯನ್ನು ಸಿಂಹದ ಗಂಟಲಿಗೆ ಇಳಿಸಿದ. ನಾನು ಚಹಾ ಕೊಡಲು ಹೋದವಳು ಅಲ್ಲೇ ನಿಂತೆ.

"ಇದು ಅಸಲಿ," ಎಂದ. "ಒಳಗಿನ ಸ್ಪ್ರಿಂಗಿಂದ ಹಿಡಿದು ಎಲ್ಲಾನೂ ಒಬ್ಬನೇ ಕೂತು ಅರದಲ್ಲಿ ಉಜ್ಜಿ ಮಾಡಿದ್ದಾನೆ. ಇಂಥದ್ದು ನಾನು ನೋಡಿಲ್ಲ." ಆಮೇಲೆ ಒಂದು ಬೆಲೆ ಹೇಳಿದ. ನಾನು ಲೋಟ ಅಲ್ಲೇ ಇಟ್ಟು, ಇನ್ನೊಂದು ಸಲ ಹೇಳು ಎಂದೆ.

ಮೇಸ್ತ್ರಿ ಪಕ್ಕದ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು. ಬಾಗಿಲಲ್ಲಿ ನಿಂತಿದ್ದ ಚಿಕ್ಕ ಯಜಮಾನ, ಮಾರ್ತೀರಾ ಎಂದ.

"ಇಲ್ಲ ಸಾರ್. ನಮ್ಮಮ್ಮ ಹೇಳೋದು ನಿಜಾನಾ ಅಂತ ಗೊತ್ತಾಗ್ಬೇಕಿತ್ತು, ಅಷ್ಟೆ. ಟಿವೀಲಿ ಇವರ ಬಾಯಲ್ಲಿ ಕೇಳಿದ್ರೆ ಅವಳು ಇನ್ನೂ ಹತ್ತು ವರ್ಷ ಬದುಕ್ತಾಳೆ."

ಕ್ಯಾಮೆರಾ ಮುಂದೆ ಎಲ್ಲ ಚೆನ್ನಾಗಿಯೇ ಹೊರಟಿತು. ಅಣ್ಣ ಬಾಯಿ ತೆರೆದು ಇದು ಅಸಲಿ ಎನ್ನಬೇಕು, ಅಷ್ಟರಲ್ಲಿ ಮಿರುಗುವ ಕೋಟಿನ ನಿರೂಪಕ ಯಾರೂ ಹೇಳದೆ ತನ್ನ ಬೀರುವಿನ ಕೀಲಿಯನ್ನು ಸಿಂಹದ ಬಾಯಿಗೆ ತುರುಕಿ ತಿರುಗಿಸಿದ. ಸಿಂಹ ತನ್ನ ಕೆಲಸ ಮಾಡಿತು. ಅವನ ಕಿರುಚಾಟಕ್ಕೆ ಹಿಂದಿನ ಓಣಿಯಲ್ಲಿ ಸಾಲು ನಿಂತಿದ್ದವರೂ ಒಳಗೆ ಇಣುಕಿದರು. ಅಣ್ಣ ಮಾತ್ರ ಆ ಗಲಾಟೆಯ ನಡುವೆಯೇ ತಾನು ಹೇಳಬೇಕಾದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದ. ನಿರೂಪಕನನ್ನು ಆಸ್ಪತ್ರೆಗೆ ಕರೆದೊಯ್ದರು, ಶೂಟಿಂಗ್ ನಿಂತಿತು. ಸಾಕು ಅಂಕಲ್, ಉಳಿದದ್ದು ಎಡಿಟಿಂಗಲ್ಲಿ ನೋಡ್ಕೋತೀವಿ ಎಂದಳು ಹುಡುಗಿ.

ಟಿವಿಯಲ್ಲಿ ಬಂದ ಸಂಜೆ ನಾವಿಬ್ಬರೂ ಚಹಾ ಹಿಡಿದು ಕೂತಿದ್ದೆವು. ಮೇಸ್ತ್ರಿ ಮುತ್ತಾತನ ಕಥೆ ಹೇಳಿದ. ಅಣ್ಣ ಬಗ್ಗಿ ನೋಡಿದ. ನಿರೂಪಕನ ಬೆರಳು, ಕಿರುಚಾಟ, ಅದನ್ನೇ ಮೂರು ಸಲ ತೋರಿಸಿದರು. ಆಮೇಲೆ ಪರದೆ ತುಂಬ ಅಣ್ಣನ ಮುಖ. ತುಟಿ ಕೆಳಗೆ ಮಾಡಿ ತಲೆಯಾಡಿಸುತ್ತಿದ್ದ. ಪೋಂಯ್ ಎಂದು ಒಂದು ಪೀಪಿಯ ಸದ್ದು. ಮೇಸ್ತ್ರಿ ದುಪ್ಪಟಿಯಲ್ಲಿ ಬೀಗ ಸುತ್ತಿಕೊಂಡು ಬಾಗಿಲು ದಾಟುತ್ತಿದ್ದ. ಅಷ್ಟೇ, ಜಾಹೀರಾತು ಬಂತು.

"ಅದು... ಅದು ಬೀಗಕ್ಕೆ ಅಲ್ಲ," ಎಂದ ಅಣ್ಣ. "ನಾನು ತಲೆ ಆಡಿಸಿದ್ದು ಗೋಡೆ ಬಣ್ಣಕ್ಕೆ ಕಣೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವನು ನಕಲಿ ಎಂಬ ಮಾತೇ ಆಡಿರಲಿಲ್ಲ, ಆದರೂ ಮುತ್ತು ಒಡೆದಿತ್ತು. ಮರುದಿನ ಡೈರೆಕ್ಟರ್ ಹುಡುಗಿಯನ್ನು ಹಿಡಿದು ಕೇಳಿದಾಗ ಅವಳಿಗೆ ನಿಜವಾಗಿಯೂ ಪಾಪ ಅನ್ನಿಸಿತು. "ಅಯ್ಯೋ ಅಂಕಲ್, ನಿಮ್ಮ ಮಾತು ಆ ಕಿರುಚಾಟದಲ್ಲಿ ಮುಳುಗಿಹೋಗಿತ್ತು. ಏನಾದ್ರೂ ಒಂದು ಮುಕ್ತಾಯ ಬೇಕಿತ್ತಲ್ಲ," ಎಂದಳು. ಇನ್ನೊಂದು ಸಲ ತೋರಿಸಿ ಸರಿ ಮಾಡಿ ಎಂದರೆ, ಅದು ತನ್ನ ಕೈಯಲ್ಲಿಲ್ಲ ಎಂದಳು. ಚಿಕ್ಕ ಯಜಮಾನ ಫೋನಿನಿಂದ ತಲೆ ಎತ್ತದೆ ಜನ ಎರಡು ದಿನಕ್ಕೆ ಮರೀತಾರೆ ಬಿಡಿ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೆರಳು ಕಚ್ಚಿಸಿಕೊಂಡವನು ಯಾರೋ, ಮಾನ ಹೋದದ್ದು ಮೇಸ್ತ್ರಿಯದು. ನನಗೆ ಮೈಯೆಲ್ಲ ಉರಿಯಿತು, ಬಾಯಿಗೆ ಬಂದದ್ದು ಅಂದೆ. ಚಿಕ್ಕ ಯಜಮಾನ ಈಗಲೂ ನನ್ನನ್ನು ಕಂಡರೆ ಬೇರೆ ಬಾಗಿಲಿಂದ ಹೋಗುತ್ತಾನೆ.

ಮೇಸ್ತ್ರಿ ಮಧ್ಯಾಹ್ನ ಬಂದ. ಗಲಾಟೆ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಿದ್ದರೆ ಚೆನ್ನಾಗಿತ್ತು.

"ಒಳಗೊಂದು ಹೊರಗೊಂದಾ ಸಾರ್?" ಎಂದು ಮೆಲ್ಲಗೆ ಕೇಳಿದ.

ಅಣ್ಣ ಎಲ್ಲವನ್ನೂ ಬಿಡಿಸಿ ಹೇಳಿದ. ಆ ಮುಖವನ್ನು ಬೇರೆ ದಿನ ತೆಗೆದದ್ದು, ಸಾಮಾನಿಲ್ಲದೆ ತೆಗೆದದ್ದು, ಎಲ್ಲಿ ಬೇಕಾದರೂ ಅಂಟಿಸಬಹುದಾದದ್ದು. ಅಷ್ಟು ಮಾತು ಅವನು ಒಮ್ಮೆಗೇ ಆಡಿದ್ದನ್ನು ನಾನು ಕೇಳಿರಲಿಲ್ಲ. ಎದುರಿಗೇ ಕಂಡ ನನಗೂ ಕೇಳುತ್ತಾ ಕೇಳುತ್ತಾ ಅದು ಕಟ್ಟುಕಥೆಯ ಹಾಗೆ ಅನ್ನಿಸಿತು.

"ಮುಖಾನ ಮೊದಲೇ ತೆಗೆದು ಇಟ್ಟಿದ್ರಾ?" ಎಂದ ಮೇಸ್ತ್ರಿ. "ಸರಿ ಸಾರ್." ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ, "ನಮ್ಮಮ್ಮ ಬೀಗಾನ ಮಂಚದ ಕೆಳಗೆ ತಳ್ಳಿಬಿಟ್ಟಿದ್ದಾಳೆ. ಮುತ್ತಾತನ ಮಾತೇ ಎತ್ತಲ್ಲ ಈಗ."

ಅಣ್ಣ ಅವತ್ತಿನಿಂದ ಸೊರಗಿದ. ರಜೆಯ ದಿನ ಬಂದರೆ ಸಾಕು, ಕೋಟು ಹಾಕಿಕೊಂಡು ಮೇಸ್ತ್ರಿಯ ಅಂಗಡಿಗೆ ಹೋಗುತ್ತಿದ್ದ. ನಿಂತರೆ ತಲೆ ತಗಲುವಂಥ ಪುಟ್ಟ ಅಂಗಡಿ, ಮೊಳೆಗಳಿಗೆ ನೇತುಹಾಕಿದ ಕೀಲಿ ಗೊಂಚಲು, ಕಬ್ಬಿಣದ ಪುಡಿಯ ವಾಸನೆ. ಹೊರಗೆ ಒಂದು ಮುಕ್ಕಾಲಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಹೇಳುತ್ತಿದ್ದ: ನಾನೇ ಆ ಟಿವಿಯವನು, ಇವರ ಬೀಗ ಅಸಲಿ, ನಾನು ಅವತ್ತೇ ಹೇಳಿದ್ದೆ. ಅವನನ್ನು ಒಬ್ಬನೇ ಬಿಡಲು ಮನಸ್ಸಾಗದೆ ನಾನೂ ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಾ ಕೂರುತ್ತಿದ್ದೆ. ಜನ ಅವನ ಗುರುತು ಹಿಡಿಯುತ್ತಿದ್ದರು, ಜೊತೆಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾರ್, ಒಂದು ಸಲ ಹಾಗೆ ತಲೆ ಆಡಿಸಿ ಸಾರ್ ಎನ್ನುತ್ತಿದ್ದರು. ಒಬ್ಬ ಹೆಂಗಸು ಕೀಲಿ ಕೊರೆಸಿಕೊಂಡು ಹೋಗುವಾಗ ನಗುತ್ತಲೇ ಕೇಳಿದಳು, "ಅಲ್ಲಿ ಹಾಗೆ ಹೇಳೋಕೆ ಅವರು ಕೊಟ್ರು. ಇಲ್ಲಿ ಹೀಗೆ ಹೇಳೋಕೆ ಇವರೆಷ್ಟು ಕೊಟ್ರು?"

ಅವಳ ಜುಟ್ಟು ಹಿಡಿಯಲು ಹೊರಟ ನನ್ನನ್ನು ಅಣ್ಣ ತಡೆದ. ಆ ಹೆಂಗಸಿನ ಮಾವ ಸತ್ತಾಗ ಗಡಿಯಾರ ಯಾರಿಗೆ ಎಂದು ಮನೆಯಲ್ಲಿ ಹೊಡೆದಾಟವಾಗಿತ್ತು. ಅಣ್ಣನ ಒಂದು ಮಾತಿಗೆ ತೆಪ್ಪಗಾದ ಮನೆ ಅದು. ಅವಳಿಗೆ ನೆನಪಿರಲಿಲ್ಲ.

ಕೊನೆಗೆ ಮೇಸ್ತ್ರಿಯೇ ಅರ ಕೆಳಗಿಟ್ಟು ಎದ್ದು ಬಂದ.

"ಸಾರ್, ನೀವಿನ್ನು ಬರಬೇಡಿ. ನೀವು ಬಂದಷ್ಟೂ ಜನ ನಗ್ತಾರೆ." ಕೈಗಂಟಿದ ಕಬ್ಬಿಣದ ಪುಡಿಯನ್ನು ಅಂಗಿಗೆ ಒರೆಸಿಕೊಂಡ. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನನ್ನ ನೋಡಿ ಅಯ್ಯೋ ಪಾಪ ಅಂತ ಅಸಲಿ ಅಂತಿದ್ದೀರಾ? ನಕಲಿ ಆದ್ರೂ ಪರವಾಗಿಲ್ಲ. ನಿಜ ಹೇಳಿಬಿಡಿ. ನನಗೇ ಈಗ ಗೊತ್ತಾಗ್ತಾ ಇಲ್ಲ."

ಅಣ್ಣ ಅವನನ್ನು ನೋಡಿದ. ಎಂದಿನ ಅದೇ ಮುಖ. ನನಗೆ ಅವನ ಎರಡೂ ಕೆನ್ನೆ ಹಿಡಿದು ಅಲುಗಾಡಿಸಿ, ಏನಾದರೂ ತೋರಿಸೋ ಎಂದು ಕೂಗಬೇಕು ಅನ್ನಿಸಿತು. ಅವನು ಅಸಲಿ ಎಂದು ಇನ್ನೊಂದು ಸಲ ಹೇಳಿದ. ಮೇಸ್ತ್ರಿ ಹೂಂ ಎಂದ. ನಮ್ಮ ಕಡೆ ನೋಡದೆ ಮತ್ತೆ ಅರ ಎತ್ತಿಕೊಂಡ.

ಆ ವಾರವೇ ಅಣ್ಣ ನನ್ನನ್ನು ಬ್ಯಾಂಕಿಗೆ ಕರೆದೊಯ್ದ. ನಮ್ಮಿಬ್ಬರ ಮುದಿತನಕ್ಕೆಂದು ಇಟ್ಟ ದುಡ್ಡು ಅಲ್ಲಿತ್ತು. ಇಬ್ಬರ ಹೆಸರಿನಲ್ಲಿತ್ತು, ತೆಗೆಯಲು ನನ್ನ ಸಹಿಯೂ ಬೇಕು.

"ಬೆಲೆ ಹೇಳಿದವನು ಆ ಬೆಲೆಗೆ ತಾನೇ ಕೊಳ್ಳೋಕೆ ತಯಾರಿರ್ಬೇಕು. ಇಲ್ಲಾಂದ್ರೆ ಅದು ಬೆಲೆ ಅಲ್ಲ, ಬಾಯಿಚಪಲ. ಹಳೇ ಯಜಮಾನರು ಹೇಳ್ತಿದ್ರು," ಎಂದ.

"ಹಳೇ ಯಜಮಾನರು ನಮಗೆ ಮಂಡಿ ನೋವು ಬಂದಾಗ ಎದ್ದು ಬಂದು ಔಷಧಿ ಕೊಡಿಸ್ತಾರಾ? ಬೀಗ ಇಟ್ಕೊಂಡು ಏನ್ ಮಾಡ್ತೀಯ? ಹಾಕೋಕೆ ಒಂದು ಸ್ವಂತ ಬಾಗಿಲಾದ್ರೂ ಇದೆಯಾ ನಿನಗೆ?"

ಬ್ಯಾಂಕಿನವರೆಲ್ಲ ತಿರುಗಿ ನೋಡುವಷ್ಟು ಕೂಗಾಡಿದೆ. ಅವನು ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ, ಕೋಟಿನ ತೇಪೆಯ ಒಂದು ಮೂಲೆ ಬಿಚ್ಚಿತ್ತು. ಅವನನ್ನು ಹಾಗೆ ನೋಡಲಾರದೆ ಸಹಿ ಹಾಕಿದೆ. ನನಗೂ ಸುಸ್ತಾಗಿತ್ತು.

ಬಟ್ಟೆಯ ಚೀಲದಲ್ಲಿ ದುಡ್ಡು ತುಂಬಿಕೊಂಡು ನೇರ ಮೇಸ್ತ್ರಿಯ ಅಂಗಡಿಗೆ ಹೋದೆವು. ಅಣ್ಣ ಕೀಲಿ ಕೊರೆಯುವ ಯಂತ್ರದ ಪಕ್ಕ ಚೀಲ ಇಟ್ಟು ಬಾಯಿ ಬಿಚ್ಚಿದ.

"ಅವತ್ತು ಹೇಳಿದ ಬೆಲೆ. ಪೂರ್ತಿ ಇದೆ. ಬೀಗ ಕೊಡಿ."

ಮೇಸ್ತ್ರಿ ಚೀಲದೊಳಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಕಣ್ಣು ಅತ್ತು ಊದಿತ್ತು, ಕೋಪದಲ್ಲಿ ಮೂಗು ಕೆಂಪಾಗಿತ್ತು. ಅಣ್ಣನ ಮುಖದಲ್ಲಿ ಓದಲಾಗದ್ದನ್ನು ಅವನು ನನ್ನ ಮುಖದಲ್ಲಿ ಓದಿರಬೇಕು. ಒಳಗಿನ ಪರದೆ ಸರಿಸಿ "ಅಮ್ಮಾ!" ಎಂದು ಕೂಗಿದ. ಅಂಗಡಿಯ ಹಿಂದೆಯೇ ಅವರ ಮನೆ. ಮುದುಕಿ ಗೋಡೆ ಹಿಡಿದುಕೊಂಡು ಬಂದಳು.

"ನೋಡಮ್ಮ. ಇವರ ಹತ್ರ ಇರೋದೆಲ್ಲ ತಂದಿದ್ದಾರೆ. ಮುತ್ತಾತನ ಬೀಗಕ್ಕೆ."

ಮುದುಕಿ ಒಂದು ನೋಟಿನ ಕಟ್ಟು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ವಾಪಸ್ಸು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. "ನಾನು ಹೇಳಿರಲಿಲ್ವಾ?" ಎಂದು ಮಗನಿಗೆ ಅಂದಳು. ನಮಗಲ್ಲ. ಆಮೇಲೆ ಮಂಚದ ಕೆಳಗಿನಿಂದ ಬೀಗ ತೆಗೆಸಿ, ಸೆರಗಿನಲ್ಲಿ ಒರೆಸುತ್ತಾ ಅಲ್ಲೇ ಕೂತಳು.

"ಈಗ ನಂಬಿದೆ ಸಾರ್," ಎಂದ ಮೇಸ್ತ್ರಿ. "ಅದಕ್ಕೇ ಕೊಡಲ್ಲ."

ಅಣ್ಣನನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಅವನ ತೊಡೆಯ ಮೇಲೆ ಇಟ್ಟ. ಚಹಾ ತರಿಸಿದ. ನಾವು ಕುಡಿದು ಎದ್ದೆವು.

ಬೀದಿಗೆ ಬಂದ ಮೇಲೆ ನನಗೆ ಕುಣಿಯುವಂತಾಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಮೇಸ್ತ್ರಿ ನಂಬಿದ, ಮುದುಕಿಗೆ ಮಾತು ಬಂತು, ನಮ್ಮ ದುಡ್ಡು ನಮ್ಮ ಕೈಯಲ್ಲೇ ಉಳಿಯಿತು. ಬ್ಯಾಂಕು ಮುಚ್ಚುವುದರೊಳಗೆ ಹೋಗೋಣ ಎಂದು ಅವಸರ ಮಾಡಿದೆ. ಅಣ್ಣ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತ.

"ಏನಾಯ್ತು ಈಗ? ನಂಬಿದನಲ್ಲ," ಎಂದೆ.

"ನನ್ನನ್ನಲ್ಲ ಕಣೇ. ಇದನ್ನ." ಚೀಲ ಮುಟ್ಟಿ ತೋರಿಸಿದ.

"ಯಾವುದಾದ್ರೂ ಒಂದನ್ನ. ಕೆಲಸ ಆಯ್ತಲ್ಲ."

"ಹೂಂ, ಇವತ್ತಿಂದು ಆಯ್ತು." ಅವನು ಮೊಣಕೈ ಮಡಿಚಿ ಕಣ್ಣು ಒರೆಸಿಕೊಂಡ. "ನಾಳೆ ಇನ್ನೊಬ್ಬ ಬರ್ತಾನೆ. ಅಸಲಿ ಅಂತೀನಿ. ಅವನೂ ನಂಬಲ್ಲ. ಇಂಥ ಚೀಲ ಎಷ್ಟಿದೆ ನಮ್ಮ ಹತ್ರ?"

ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಅವನ ಪಕ್ಕದಲ್ಲಿ ಕೂತೆ. ಆ ದಿನ ಬ್ಯಾಂಕಿಗೆ ಹೋಗಲಾಗಲಿಲ್ಲ.